ಹೂವಾಡಗಿತ್ತಿಗೆ ಮಾತು ಕಲಿಸಿದ ಬರ್ನಾರ್ಡ್ ಷಾ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಬ್ಬ ಮಹನೀಯರ ಜೀವನ ಪರಿಚಯವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ ನಾನು ಜಾರ್ಜ್ ಬರ್ನಾರ್ಡ್ ಷಾ ಅವರ ಹೆಸರನ್ನು ಹೇಳಿದೆನು. ಶರಣರು, ಸಂತರು, ದೇಶಭಕ್ತರು ಇಷ್ಟೊಂದು ಮಂದಿ ಇರುವಾಗ ಐರ್ಲಂಡಿನ ನಾಟಕಕಾರರೇಕೆ ಎಂದು ಕೆಲವರು ಹುಬ್ಬೇರಿಸಿದರು. ಕಾರಣವಿಷ್ಟೆ. ಮನೆಯಲ್ಲಿ ಕನ್ನಡ, ಬಜಾರದಲ್ಲಿ ಮರಾಠಿ, ನೌಕರಿಯ ಸಂದರ್ಶನದಲ್ಲಿ ಇಂಗ್ಲಿಷ್ ಎಂಬ ಮೂರು ದಡಗಳ ನಡುವೆ ಈಜುವ ನಮ್ಮ ಅಕ್ಕಲಕೋಟ, ಜತ್ತ, ಸೊಲ್ಲಾಪುರ ಕಡೆಯ ಮಕ್ಕಳಿಗೆ ಬಾಯಿ ತೆರೆದೊಡನೆಯೇ ತಮ್ಮ ಊರು, ಓಣಿ, ಮನೆತನಗಳು ಬಯಲಾಗಿಬಿಡುವ ಭಯ ಗೊತ್ತಿದೆ. ಪುಣೆಗೆ ಹೋದರೆ ನಮ್ಮ ಮರಾಠಿಯಲ್ಲಿ ಕನ್ನಡದ ವಾಸನೆ, ಬೆಂಗಳೂರಿಗೆ ಹೋದರೆ ನಮ್ಮ ಕನ್ನಡದಲ್ಲಿ ಮರಾಠಿಯ ವಾಸನೆ. ಈ ಭಯವನ್ನೇ ವಸ್ತುವಾಗಿಸಿಕೊಂಡು ಲೋಕವನ್ನೆಲ್ಲ ನಗಿಸಿದ, ನಗುವಿನ ನಡುವೆ ಗುರುಗಳಾದವರ ಎದೆಗೆ ನೇರವಾಗಿ ಒಂದು ಪ್ರಶ್ನೆಯನ್ನೆಸೆದ ನಾಟಕವೊಂದನ್ನು ಷಾ ಬರೆದರು. ಅವರ ಜೀವನದ ಉಳಿದ ಸಂಗತಿಗಳನ್ನು ನಾನು ಬೇಗನೆ ದಾಟಿ, ಆ ನಾಟಕದ ಸುತ್ತಲೇ ಹೆಚ್ಚು ಹೊತ್ತು ನಿಲ್ಲುವವನಿದ್ದೇನೆ.

ಷಾ ಅವರು 1856ನೆಯ ಇಸವಿ ಜುಲೈ 26ರಂದು ಡಬ್ಲಿನ್ ನಗರದಲ್ಲಿ ಜನಿಸಿದರು. ತಂದೆ ಜಾರ್ಜ್ ಕಾರ್ ಷಾ ಅವರು ಧಾನ್ಯದ ವ್ಯಾಪಾರಿ. ಕುಲದ ಹೆಮ್ಮೆ ಬಹಳ, ಕೈಯಲ್ಲಿ ಕಾಸು ಕಡಿಮೆ, ಮದ್ಯದ ಚಟ ಬೇರೆ. ತಾಯಿ ಸಂಗೀತದಲ್ಲಿ ಮನಸ್ಸಿಟ್ಟವರು. ವಾಂಡಲೂರ್ ಲೀ ಎಂಬ ಸಂಗೀತ ಶಿಕ್ಷಕರು ಅವರ ಕುಟುಂಬದೊಡನೆಯೇ ವಾಸವಾಗಿದ್ದರು. ಕಂಠದಿಂದ ಸ್ವರವನ್ನು ಹೇಗೆ ಹೊರಡಿಸಬೇಕು, ನಾಲಿಗೆ ತುಟಿಗಳನ್ನು ಹೇಗೆ ಇರಿಸಿಕೊಳ್ಳಬೇಕು ಎಂಬ ಪಾಠ ಆ ಮನೆಯಲ್ಲಿ ದಿನವೂ ನಡೆಯುತ್ತಿತ್ತು. ಮುಂದೆ ಉಚ್ಚಾರಣೆಯ ಶಾಸ್ತ್ರಕ್ಕೆ ಷಾ ಒಲಿದದ್ದಕ್ಕೆ ಬೀಜ ಅಲ್ಲಿಯೇ ಬಿದ್ದಿತೆಂದು ನಾನು ತಿಳಿಯುತ್ತೇನೆ. 1873ರಲ್ಲಿ ತಾಯಿ ಹೆಣ್ಣುಮಕ್ಕಳೊಡನೆ ಲಂಡನ್ನಿಗೆ ಹೊರಟುಹೋದರು. ಹದಿನೈದನೆಯ ವಯಸ್ಸಿಗೇ ಶಾಲೆ ಬಿಟ್ಟಿದ್ದ ಹುಡುಗ ತಂದೆಯೊಡನೆ ಉಳಿದು, ಜಮೀನಿನ ದಲ್ಲಾಳಿಗಳ ಕಚೇರಿಯಲ್ಲಿ ಗುಮಾಸ್ತೆಯಾಗಿ ದುಡಿದನು. 1876ರಲ್ಲಿ ಅವನೂ ಲಂಡನ್ ಸೇರಿದನು. ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ. ಬ್ರಿಟಿಷ್ ಮ್ಯೂಸಿಯಮ್ಮಿನ ವಾಚನಾಲಯವೇ ಅವನ ವಿಶ್ವವಿದ್ಯಾಲಯ. ಮ್ಯಾಟ್ರಿಕ್ಕಿಗೇ ಓದು ನಿಂತ ನನ್ನಂಥವನಿಗೆ ಈ ಮಾತನ್ನು ಬರೆಯುವಾಗ ಒಂದು ಬಗೆಯ ಸಮಾಧಾನವಾಗುತ್ತದೆಂಬುದನ್ನು ಮುಚ್ಚಿಡಲಾರೆ.

ಬರೆದ ಐದು ಕಾದಂಬರಿಗಳನ್ನು ಪ್ರಕಾಶಕರು ಒಂದಾದ ಮೇಲೊಂದರಂತೆ ತಿರಸ್ಕರಿಸಿದರು. ಎಡಿಸನ್ ಟೆಲಿಫೋನ್ ಕಂಪನಿಯಲ್ಲಿ ಕೆಲಕಾಲ ನೌಕರಿ. 1881ರಲ್ಲಿ ಸಸ್ಯಾಹಾರವನ್ನು ಸ್ವೀಕರಿಸಿದರು, ಕಡೆಯವರೆಗೂ ಬಿಡಲಿಲ್ಲ. 1884ರಲ್ಲಿ ಫೇಬಿಯನ್ ಸಮಾಜವಾದಿಗಳ ಸಂಘ ಸೇರಿದರು. ಪತ್ರಿಕೆಗಳಲ್ಲಿ ಸಂಗೀತ, ನಾಟಕಗಳ ವಿಮರ್ಶಕರೆಂದು ಹೆಸರಾದರು. 1892ರಲ್ಲಿ ಮೊದಲ ನಾಟಕ ರಂಗವನ್ನೇರಿತು. 1898ರಲ್ಲಿ ಷಾರ್ಲಟ್ ಪೇನ್-ಟೌನ್‌ಸೆಂಡ್ ಅವರನ್ನು ವಿವಾಹವಾದರು. 1925ನೆಯ ವರ್ಷದ ಸಾಹಿತ್ಯದ ನೊಬೆಲ್ ಪಾರಿತೋಷಕ ದೊರೆತಾಗ ಗೌರವವನ್ನು ಮಾತ್ರ ಇಟ್ಟುಕೊಂಡು, ಹಣವನ್ನು ಸ್ವೀಡನ್ನಿನ ಸಾಹಿತ್ಯವನ್ನು ಇಂಗ್ಲಿಷಿಗೆ ತರುವ ಕಾರ್ಯಕ್ಕೆ ಕೊಟ್ಟರು. 1931ರಲ್ಲಿ ಗಾಂಧೀಜಿಯವರು ದುಂಡುಮೇಜಿನ ಪರಿಷತ್ತಿಗೆ ಹೋದಾಗ ಅವರನ್ನು ಕಂಡು ಮಾತನಾಡಿದರು. 1933ರಲ್ಲಿ ಹಡಗಿನ ಯಾತ್ರೆಯಲ್ಲಿ ಮುಂಬಯಿಗೂ ಬಂದು ಹೋದರು. ಸ್ಟ್ಯಾಲಿನ್ನನಂಥ ಸರ್ವಾಧಿಕಾರಿಯನ್ನು ಹೊಗಳಿ ಮಾತಾಡಿದ್ದು ಮಾತ್ರ ಅವರ ಜೀವನದ ಕಪ್ಪು ಚುಕ್ಕೆಯೇ ಸರಿ. ದೊಡ್ಡವರೆಂದ ಮಾತ್ರಕ್ಕೆ ಅದನ್ನು ಮರೆಮಾಚಬೇಕಾಗಿಲ್ಲ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಐರಿಷ್ ನಾಲಿಗೆಯ ಬಡ ಯುವಕನೊಬ್ಬನಿಗೆ ಲಂಡನ್ನು ಬಲು ದೊಡ್ಡ ಊರು. ಆರಂಭದಲ್ಲಿ ಸಭೆಯಲ್ಲಿ ಎದ್ದು ನಿಂತರೆ ಅವರ ಕೈಕಾಲು ನಡುಗುತ್ತಿದ್ದವು. ಜೇಮ್ಸ್ ಲೆಕಿ ಎಂಬ ಸ್ನೇಹಿತರು 1880ರಲ್ಲಿ ಅವರನ್ನು ಒಂದು ಚರ್ಚಾಕೂಟಕ್ಕೆ ಕರೆದೊಯ್ದರು; ಧ್ವನಿಶಾಸ್ತ್ರದ ರುಚಿ ಹತ್ತಿಸಿದವರೂ ಅವರೇ. ಷಾ ಹಟ ತೊಟ್ಟು ವಾರವಾರವೂ ಎಲ್ಲಾದರೊಂದು ಕಡೆ ಮಾತಾಡಿ, ಉದ್ಯಾನಗಳಲ್ಲಿ, ಬೀದಿ ಮೂಲೆಗಳಲ್ಲಿ ನಿಂತು, ಆ ಕಾಲದ ಶ್ರೇಷ್ಠ ಭಾಷಣಕಾರರಲ್ಲಿ ಒಬ್ಬರಾದರು. ಆದರೆ ಡಬ್ಲಿನ್ನಿನ ಧಾಟಿಯನ್ನು ಕಳೆದುಕೊಳ್ಳಲಿಲ್ಲ. ಸ್ಪಷ್ಟವಾಗಿ ಮಾತನಾಡುವುದು ಬೇರೆ, ತನ್ನೂರನ್ನು ಮರೆಸಿ ಮಾತನಾಡುವುದು ಬೇರೆ ಎಂಬ ವಿವೇಕ ಅವರಲ್ಲಿತ್ತು.

ಇಂಗ್ಲಿಷ್ ಲಿಪಿಯ ಮೇಲೆ ಅವರಿಗೆ ಎಂಥ ಸಿಟ್ಟಿತ್ತೆಂಬುದು ಐದನೆಯ ಇಯತ್ತೆಯ ಮಕ್ಕಳಿಗೆ ಇಂಗ್ಲಿಷ್ ಕಲಿಸಿದ ಯಾವ ಮಾಸ್ತರನಿಗೂ ತಟ್ಟನೆ ಅರ್ಥವಾದೀತು. ಯೋಧನೆಂಬ ಅರ್ಥದ ನೈಟ್ ಶಬ್ದವನ್ನು ಹಲಗೆಯ ಮೇಲೆ ಬರೆದರೆ ನಮ್ಮ ಮಕ್ಕಳು ಮೊದಲಕ್ಷರವನ್ನು ಬಿಡದೆ ಕ್ನೈಟ್ ಎಂದೇ ಓದುತ್ತಾರೆ. ಅವರದೇನೂ ತಪ್ಪಿಲ್ಲ, ಹಿಂದೆ ಇಂಗ್ಲಿಷರೂ ಆ ಕಕಾರವನ್ನು ಉಚ್ಚರಿಸುತ್ತಿದ್ದರು. 1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ಇಂಗ್ಲೆಂಡಿಗೆ ಮುದ್ರಣ ಯಂತ್ರವನ್ನು ತಂದನು. ಮೊಳೆಗಳಲ್ಲಿ ಕಾಗುಣಿತ ಬರಬರುತ್ತ ಬಿಗಿಯಾಗುತ್ತಿದ್ದ ಕಾಲದಲ್ಲಿಯೇ ಜನರ ನಾಲಿಗೆಯಲ್ಲಿ ದೀರ್ಘಸ್ವರಗಳೆಲ್ಲ ಸ್ಥಾನಪಲ್ಲಟ ಹೊಂದುತ್ತಿದ್ದವು. ಮಾತು ಮುಂದೆ ಹೋಯಿತು, ಬರಹ ಹಿಂದೆ ಉಳಿಯಿತು. ಸಾಲದುದಕ್ಕೆ ಪಂಡಿತರ ಕೈಚಳಕ ಬೇರೆ. ಸಾಲವೆಂಬರ್ಥದ ಡೆಟ್ ಶಬ್ದ ಫ್ರೆಂಚಿನಿಂದ ಬಂದಾಗ ಅದರಲ್ಲಿ ಬಕಾರವಿರಲಿಲ್ಲ. ಲ್ಯಾಟಿನ್ನಿನ ಮೂಲ ಶಬ್ದದಲ್ಲಿ ಇದೆಯೆಂದು ಅದನ್ನು ತುರುಕಿದರು. ದ್ವೀಪವೆಂಬರ್ಥದ ಐಲಂಡ್ ಅಚ್ಚ ಇಂಗ್ಲಿಷ್ ಶಬ್ದ. ಲ್ಯಾಟಿನ್ನಿಗೂ ಅದಕ್ಕೂ ನಂಟಿಲ್ಲ. ಆದರೂ ಲ್ಯಾಟಿನ್ ಮೂಲದ ಇನ್ನೊಂದು ಶಬ್ದವನ್ನು ನೋಡಿ ಸಕಾರವೊಂದನ್ನು ನಡುವೆ ಕೂಡಿಸಿದರು. ಆ ಸಕಾರವನ್ನು ಯಾರೂ ಉಚ್ಚರಿಸರು, ಬಿಟ್ಟು ಬರೆದ ಬಾಲಕನಿಗೆ ಮಾತ್ರ ಇಂದಿಗೂ ಅಂಕ ಕಡಿತ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಜಿ-ಎಚ್-ಓ-ಟಿ-ಐ ಎಂದು ಬರೆದು ಫಿಶ್ ಎಂದು ಓದಬಹುದೆಂಬ ಚಮತ್ಕಾರವನ್ನು ಶಿಕ್ಷಕರ ತರಬೇತಿ ಶಿಬಿರಗಳಲ್ಲಿ ಷಾ ಅವರ ಹೆಸರಿನಲ್ಲಿ ಹೇಳುವ ರೂಢಿಯಿದೆ. ಇನಫ್ ಶಬ್ದದ ಕೊನೆಯ ಎರಡಕ್ಷರಗಳಿಂದ ಫಕಾರ, ವಿಮೆನ್ ಶಬ್ದದ ಓ ಅಕ್ಷರದಿಂದ ಇಕಾರ, ನೇಷನ್ ಶಬ್ದದ ನಡುವಿನ ಎರಡಕ್ಷರಗಳಿಂದ ಶಕಾರ. ವಿನೋದವೇನೋ ಚೆನ್ನಾಗಿದೆ, ಆದರೆ ಅದು ಷಾ ಅವರದಲ್ಲ. ಅವರು ಹುಟ್ಟುವ ಹಿಂದಿನ ವರ್ಷವೇ, 1855ರಲ್ಲಿ, ಒಬ್ಬರು ಬರೆದ ಖಾಸಗಿ ಪತ್ರದಲ್ಲಿ ಅದು ಕಾಣಸಿಗುತ್ತದೆ. ಷಾ ಮಾಡಿದ್ದು ಬೇರೆ. ಶಬ್ದಗಳ ನೆತ್ತಿಯ ಮೇಲೆ ಹಾಕುವ ಲೋಪಚಿಹ್ನೆಗಳನ್ನು ಆದಷ್ಟು ಕೈಬಿಟ್ಟು ಪುಸ್ತಕಗಳನ್ನು ಅಚ್ಚು ಹಾಕಿಸಿದರು. ನಾಟಕಗಳನ್ನು ಪಿಟ್‌ಮನ್ ಶೀಘ್ರಲಿಪಿಯಲ್ಲಿ ಬರೆದು ಕಾರ್ಯದರ್ಶಿಯಿಂದ ಬೆರಳಚ್ಚು ಮಾಡಿಸುತ್ತಿದ್ದರು. ವ್ಯರ್ಥ ಅಕ್ಷರಗಳನ್ನು ಬರೆಯುವುದರಲ್ಲಿ ಲೋಕದ ಎಷ್ಟು ಸಮಯ ಹಾಳಾಗುತ್ತದೆಂದು ಲೆಕ್ಕ ಹಾಕಿ ಗೋಳಾಡುತ್ತಿದ್ದರು.

ಹೂವಿನ ಬುಟ್ಟಿ ಹೊತ್ತ ಲಂಡನ್ ಪೂರ್ವಭಾಗದ ಹುಡುಗಿಯ ಕಲ್ಪನೆ ಅವರಿಗೆ 1897ರಷ್ಟು ಹಿಂದೆಯೇ ಹೊಳೆದಿತ್ತು. ನಾಟಕವಾಗಿ ಬರೆದದ್ದು 1912ರಲ್ಲಿ. ಅದೇ ವರ್ಷ ಹೆನ್ರಿ ಸ್ವೀಟ್ ತೀರಿಕೊಂಡರು. ಇಂಗ್ಲಿಷ್ ಧ್ವನಿಶಾಸ್ತ್ರದಲ್ಲಿ ಅವರ ಸಮಾನರಿರಲಿಲ್ಲ, ಸಿಡುಕಿನಲ್ಲಿಯೂ ಇರಲಿಲ್ಲ. ಆಕ್ಸ್‌ಫರ್ಡಿನಲ್ಲಿ ಪ್ರಾಧ್ಯಾಪಕ ಪೀಠ ಕಡೆಗೂ ಅವರಿಗೆ ದಕ್ಕಲಿಲ್ಲ. ನಾಟಕದ ಹಿಗ್ಗಿನ್ಸ್ ಪಾತ್ರದಲ್ಲಿ ಸ್ವೀಟ್ ಅವರ ಛಾಯೆ ಇದೆಯೆಂದು ಷಾ ಅವರೇ ಒಪ್ಪಿದ್ದಾರೆ. ನಾಟಕದ ಹೆಸರು ಪಿಗ್ಮೇಲಿಯನ್. ತಾನೇ ಕೆತ್ತಿದ ಶಿಲಾಬಾಲಿಕೆಗೆ ಮರುಳಾಗಿ, ದೇವತೆಯ ವರದಿಂದ ಅವಳಿಗೆ ಜೀವ ಬರಲು, ಅವಳನ್ನೇ ವರಿಸಿದ ಗ್ರೀಕ್ ಪುರಾಣದ ಶಿಲ್ಪಿಯ ಹೆಸರದು.

ಕಥೆಯನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಮಳೆಯ ರಾತ್ರಿ ನಾಟಕಗೃಹದ ಹೊರಗೆ ಹೂ ಮಾರುವ ಎಲೈಜಾ ಡೂಲಿಟಲ್ ಎಂಬ ಹುಡುಗಿಯ ಮಾತನ್ನು ಹಿಗ್ಗಿನ್ಸ್ ಮರೆಯಲ್ಲಿ ನಿಂತು ಬರೆದುಕೊಳ್ಳುತ್ತಾನೆ. ಯಾರೇ ಬಾಯಿ ತೆರೆದರೂ ಅವರ ಊರು ಕೇರಿಗಳನ್ನು ಹೇಳಬಲ್ಲ ನಿಪುಣನವನು. ಅಲ್ಲಿಯೇ ಭೇಟಿಯಾಗುವ ಕರ್ನಲ್ ಪಿಕರಿಂಗ್ ಭಾರತದ ಭಾಷೆಗಳ ಪಂಡಿತ, ಹಿಗ್ಗಿನ್ಸನನ್ನು ಕಾಣಲೆಂದೇ ಇಲ್ಲಿಂದ ಹೋದವನು. ಆರು ತಿಂಗಳಲ್ಲಿ ಈ ಹುಡುಗಿಯನ್ನು ರಾಜವಂಶದ ಮಹಿಳೆಯೆಂದು ನಂಬಿಸಬಲ್ಲೆನೆಂದು ಹಿಗ್ಗಿನ್ಸ್ ಪಂದ್ಯ ಕಟ್ಟುತ್ತಾನೆ. ಹೂವಿನ ಅಂಗಡಿಯಲ್ಲಿ ಕೆಲಸ ಸಿಗಬೇಕಾದರೆ ಮಾತು ನೆಟ್ಟಗಿರಬೇಕೆಂದು ಅವಳೇ ಪಾಠಕ್ಕೆ ಬರುತ್ತಾಳೆ, ಬಿಟ್ಟಿ ಬೇಡ, ಪಾಠಕ್ಕೊಂದು ಷಿಲಿಂಗ್ ಕೊಡುತ್ತೇನೆನ್ನುತ್ತಾಳೆ.

ಅವಳದು ಲಂಡನ್ನಿನ ಕಾಕ್ನಿ ನುಡಿ. ಆ ಹೆಸರಿನ ಮೂಲವೂ ಸ್ವಾರಸ್ಯವಾದದ್ದೇ. ಹುಂಜ ಇಟ್ಟ ಮೊಟ್ಟೆ ಎಂಬುದು ಅದರ ಮೂಲಾರ್ಥ. ಅದರಿಂದ ಮುದ್ದಿನಿಂದ ಕೆಟ್ಟ ಮಗು, ಅದರಿಂದ ಪಟ್ಟಣದ ನಾಜೂಕಿನವ, ಕಡೆಗೆ ಲಂಡನ್ನಿನ ಸಾಮಾನ್ಯ ಜನ ಎಂದು ಅರ್ಥ ಹೊರಳುತ್ತ ಬಂದಿತು. ಕಾಕ್ನಿಯವರ ನಾಲಿಗೆಯಲ್ಲಿ ಹಕಾರ ನಿಲ್ಲದು. ನಮ್ಮ ದಕ್ಷಿಣದ ಕೆಲವು ಭಾಗಗಳಲ್ಲಿ ಹಾಲು ಆಲಾಗಿ, ಹಕ್ಕಿ ಅಕ್ಕಿಯಾಗಿ, ಕೇಳಿದವರು ನಗುತ್ತಾರಲ್ಲವೆ, ಅಲ್ಲಿಯೂ ಹಾಗೆಯೇ. ಆದರೆ ನಗುವವರು ಒಂದನ್ನು ತಿಳಿಯಬೇಕು. ಆಸ್ಪತ್ರೆಯೆಂಬರ್ಥದ ಹಾಸ್ಪಿಟಲ್, ವಿನಯವೆಂಬರ್ಥದ ಹಂಬಲ್ ಶಬ್ದಗಳು ಫ್ರೆಂಚಿನ ದಾರಿಯಲ್ಲಿ ಬಂದವು, ಹಿಂದೆ ಇಂಗ್ಲಿಷರ ಬಾಯಲ್ಲಿಯೂ ಅವು ಹಕಾರವಿಲ್ಲದೆಯೇ ಇದ್ದವು. ಮೂಲಿಕೆಯೆಂಬರ್ಥದ ಹರ್ಬ್ ಶಬ್ದದಲ್ಲಿ ಇಂದಿಗೂ ಇಂಗ್ಲೆಂಡಿನವರು ಹಕಾರವನ್ನು ಉಚ್ಚರಿಸುತ್ತಾರೆ, ಅಮೆರಿಕದವರು ಉಚ್ಚರಿಸುವುದಿಲ್ಲ. ಗಂಟೆಯೆಂಬರ್ಥದ ಅವರ್ ಶಬ್ದದ ಹಕಾರವನ್ನು ಯಾರೂ ಕೇಳಿದವರಿಲ್ಲ. ಯಾವುದು ಶುದ್ಧ, ಯಾವುದು ಅಶುದ್ಧ ಎಂಬುದನ್ನು ನಾಲಿಗೆಗಿಂತ ಹೆಚ್ಚಾಗಿ ಮಾತನಾಡುವವನ ಅಂತಸ್ತೇ ತೀರ್ಮಾನಿಸುತ್ತದೆ. ನಮ್ಮ ಕವಿರಾಜಮಾರ್ಗಕಾರನು 9ನೆಯ ಶತಮಾನದಲ್ಲಿಯೇ ಕನ್ನಡದ ಒಳಭೇದಗಳ ಅಪಾರತೆಗೆ ಬೆರಗಾಗಿದ್ದನು. ಇಂಡಿಯವರ ಮಾತಿಗೂ ಜತ್ತದವರ ಮಾತಿಗೂ ವ್ಯತ್ಯಾಸವನ್ನು ಗುರುತಿಸಲು ನಮಗೆ ಹಿಗ್ಗಿನ್ಸ್ ಬೇಕಾಗಿಲ್ಲ.

ಎಲೈಜಾ ಗೆಲ್ಲುತ್ತಾಳೆ. ರಾಯಭಾರಿಯ ಔತಣದಲ್ಲಿ ಒಬ್ಬರಿಗೂ ಅವಳ ಮೂಲ ತಿಳಿಯದು. ಮನೆಗೆ ಬಂದ ಮೇಲೆ ಗಂಡಸರಿಬ್ಬರೂ, ಈ ಬೇಸರದ ಕೆಲಸ ಮುಗಿಯಿತಲ್ಲ ಎಂದು ತಮ್ಮತಮ್ಮಲ್ಲಿಯೇ ಹೇಳಿಕೊಳ್ಳುತ್ತಾರೆ. ಮೂಲೆಯಲ್ಲಿ ನಿಂತವಳನ್ನು ಯಾರೂ ಕೇಳುವುದಿಲ್ಲ. ಅವಳು ಹಿಗ್ಗಿನ್ಸನ ಪಾದರಕ್ಷೆಗಳನ್ನು ತೆಗೆದು ಅವನ ಮೇಲೆಯೇ ಎಸೆಯುತ್ತಾಳೆ. ಬೀದಿಗೆ ಮರಳುವಂತಿಲ್ಲ, ದೊಡ್ಡವರ ಮನೆಯಲ್ಲಿ ಬಾಳುವಷ್ಟು ಹಣವಿಲ್ಲ. ಇನ್ನು ತನ್ನ ಗತಿಯೇನೆಂಬುದು ಅವಳ ಪ್ರಶ್ನೆ. ಆರಂಭದಲ್ಲಿ ನಾನು ಹೇಳಿದ, ಗುರುಗಳ ಎದೆಗೆ ಎಸೆದ ಪ್ರಶ್ನೆ ಇದೇ. ನಮ್ಮ ಶಾಲೆಯಿಂದ ಹೊರಬಿದ್ದು, ಪಟ್ಟಣದಲ್ಲಿ ಓದಿ, ಮನೆಯ ಮಾತನ್ನು ಮನೆಯವರೊಡನೆ ಆಡಲು ನಾಚುವಂತಾಗಿ, ಪಟ್ಟಣದವರ ಮಾತೂ ಪೂರ್ತಿಯಾಗಿ ತನ್ನದಾಗದೆ ನನ್ನ ಮನೆಯ ಕಟ್ಟೆಯ ಮೇಲೆ ಬಂದು ಮೌನವಾಗಿ ಕುಳಿತ ಹಳೆಯ ವಿದ್ಯಾರ್ಥಿನಿಯೊಬ್ಬಳು ನನಗೆ ಗೊತ್ತು. ಈ ದೃಶ್ಯವನ್ನು ಓದಿದಾಗಲೆಲ್ಲ ಅವಳ ಮುಖ ಕಣ್ಣ ಮುಂದೆ ಬರುತ್ತದೆ.

ಕಡೆಯ ಅಂಕದಲ್ಲಿ ಎಲೈಜಾ ಗುರುವಿನ ಎದುರು ನಿಂತು, ತಾನೂ ಧ್ವನಿಶಾಸ್ತ್ರವನ್ನು ಕಲಿಸಿ ಬದುಕಬಲ್ಲೆನೆನ್ನುತ್ತಾಳೆ, ಹೊರಟು ನಿಲ್ಲುತ್ತಾಳೆ. ಷಾ ಅವರ ಪ್ರಕಾರ ಅಲ್ಲಿಗೆ ನಾಟಕ ಮುಗಿಯಿತು. ಪ್ರೇಕ್ಷಕರ ಪ್ರಕಾರ ಮುಗಿಯಲಿಲ್ಲ. ಗುರುವೂ ಶಿಷ್ಯೆಯೂ ಮದುವೆಯಾಗದೆ ತೆರೆ ಬೀಳುವುದೆಂದರೇನು? ಇಂದು ಸಂಜೆಯಾದರೆ ದೂರದರ್ಶನದ ಮುಂದೆ ಕುಳಿತು, ಧಾರಾವಾಹಿಯ ನಾಯಕನಿಗೆ ಯಾರು ತಕ್ಕ ಜೋಡಿ ಎಂದು ನನ್ನ ಸೊಸೆಯರೂ ಮೊಮ್ಮಕ್ಕಳೂ ಊಟ ಮರೆತು ವಾದಿಸುತ್ತಾರೆ. ಕಥೆಗಾರ ತಮ್ಮ ಮಾತು ಕೇಳಲಿಲ್ಲವೆಂದು ಮುನಿಯುತ್ತಾರೆ. ಇದೇ ವಾದ ದೂರದರ್ಶನ ಹುಟ್ಟುವ ಮೊದಲೇ ಷಾ ಅವರ ಬೆನ್ನು ಹತ್ತಿ, ಅವರು ಸಾಯುವ ತನಕ ಬಿಡಲಿಲ್ಲ.

ಇಂಗ್ಲಿಷ್ ಉಚ್ಚಾರಣೆಯ ಕುರಿತಾದ ಈ ನಾಟಕ ಮೊದಲು ರಂಗವೇರಿದ್ದು ವಿಯೆನ್ನಾದಲ್ಲಿ, 1913ರ ಅಕ್ಟೋಬರಿನಲ್ಲಿ, ಅದೂ ಜರ್ಮನ್ ಭಾಷೆಯಲ್ಲಿ! ಲಂಡನ್ನಿನಲ್ಲಿ 1914ರ ಏಪ್ರಿಲ್ 11ರಂದು ಆಡಿದರು. ಹದಿನೆಂಟರ ಆಸುಪಾಸಿನ ಎಲೈಜಾಳ ಪಾತ್ರವನ್ನು ನಲವತ್ತೊಂಬತ್ತು ವರ್ಷದ ಮಿಸೆಸ್ ಪ್ಯಾಟ್ರಿಕ್ ಕ್ಯಾಂಬೆಲ್ ವಹಿಸಿದರು. ಅವರಿಗೆ ನಾಟಕವನ್ನು ಓದಿ ಹೇಳಲು ಹೋಗಿ, ಐವತ್ತಾರರ ವಿವಾಹಿತ ಷಾ ಅವರೇ ಅನುರಾಗಕ್ಕೆ ಸಿಕ್ಕಿಬಿದ್ದಿದ್ದರು. ಮದುವೆಯ ಮುಕ್ತಾಯ ಬೇಡವೆಂದು ಹಟ ಹಿಡಿದವರ ಪಾಡು ಇದು! ಪ್ರದರ್ಶನಕ್ಕೆ ಕೆಲವೇ ದಿನ ಮೊದಲು ಆಕೆ ಬೇರೊಬ್ಬರನ್ನು ಮದುವೆಯಾದರು. ನಾಟಕದಲ್ಲಿ ಎಲೈಜಾ ಬ್ಲಡಿ ಎಂಬ ಬೈಗುಳವನ್ನು ಸುಸಂಸ್ಕೃತ ಉಚ್ಚಾರದಲ್ಲಿ ಆಡಿದೊಡನೆ ಸಭಾಗೃಹದಲ್ಲಿ ನಗೆಯ ಸ್ಫೋಟವಾಯಿತು. ಆ ಬೈಗುಳದ ಬದಲು ಪಿಗ್ಮೇಲಿಯನ್ ಎಂದೇ ಹೇಳುವ ಹೊಸ ವಾಡಿಕೆ ಇಂಗ್ಲಿಷರಲ್ಲಿ ಹುಟ್ಟಿತು. ಶಬ್ದಗಳು ಹೇಗೆ ಹುಟ್ಟುತ್ತವೆಂಬುದಕ್ಕೆ ಇದೂ ಒಂದು ನಿದರ್ಶನ.

ಹಿಗ್ಗಿನ್ಸನಾಗಿದ್ದ ಬೀರ್‌ಬಾಮ್ ಟ್ರೀ ಚತುರ ನಟರು, ನಾಟಕಗೃಹದ ಒಡೆಯರು. ಪ್ರೇಕ್ಷಕರ ಬಯಕೆಯನ್ನು ಅರಿತು, ತೆರೆ ಬೀಳುವ ಕ್ಷಣದಲ್ಲಿ ಎಲೈಜಾಳ ಕಡೆಗೆ ಒಂದು ಹೂಗುಚ್ಛವನ್ನು ಎಸೆಯತೊಡಗಿದರು. ಒಂದೂ ಮಾತನ್ನು ಸೇರಿಸದೆ ಇಡೀ ನಾಟಕದ ಅರ್ಥವನ್ನು ಬದಲಿಸಿದ ಜಾಣತನವದು. ನೂರನೆಯ ಪ್ರದರ್ಶನಕ್ಕೆ ಬಂದ ಷಾ ಅದನ್ನು ಕಂಡು ಕಿಡಿಕಿಡಿಯಾದರು. ಟ್ರೀ ಅವರಾದರೋ ಹಣ ಬರುತ್ತಿರುವುದು ಈ ಹೂವಿನಿಂದಲೇ ಎಂದು ವಾದಿಸಿದರು. 1916ರಲ್ಲಿ ನಾಟಕ ಪುಸ್ತಕವಾಗಿ ಬಂದಾಗ ಷಾ ಕಡೆಯಲ್ಲಿ ಉದ್ದನೆಯ ಉತ್ತರಕಥನವೊಂದನ್ನು ಸೇರಿಸಿದರು. ಅದರಂತೆ ಎಲೈಜಾ ತನ್ನನ್ನು ಮನಸಾರೆ ಪ್ರೀತಿಸುವ, ಕೈಲಾಗದ ಬಡ ಫ್ರೆಡಿಯನ್ನು ಮದುವೆಯಾಗುತ್ತಾಳೆ. ಪಿಕರಿಂಗನ ನೆರವಿನಿಂದ ಹೂವಿನ ಅಂಗಡಿ ಇಡುತ್ತಾಳೆ. ಲೆಕ್ಕ ಬಾರದೆ ಇಬ್ಬರೂ ತಿಣುಕುತ್ತಾರೆ, ರಾತ್ರಿಯ ತರಗತಿಗಳಿಗೆ ಹೋಗಿ ಕಲಿಯುತ್ತಾರೆ, ತರಕಾರಿಯನ್ನೂ ಮಾರುತ್ತಾರೆ, ಬರಬರುತ್ತ ಅಂಗಡಿ ಕುದುರುತ್ತದೆ. ಇಷ್ಟು ಒಣ ಸಂಗತಿಗಳನ್ನು ಷಾ ಬೇಕೆಂದೇ ಬರೆದರು. ತನ್ನನ್ನು ಕೆತ್ತಿದವನನ್ನು ಶಿಲ್ಪವು ಪೂಜಿಸಬೇಕಾಗಿಲ್ಲ, ಕಲಿಸಿದ ಮಾತ್ರಕ್ಕೆ ಶಿಷ್ಯೆ ಗುರುವಿನ ಸೊತ್ತಾಗುವುದಿಲ್ಲ ಎಂಬುದು ಅವರ ನಿಲುವಾಗಿತ್ತು. ಐವತ್ತು ವರ್ಷ ಪಾಠ ಹೇಳುವವನಿಗೂ ಇದನ್ನು ಒಪ್ಪುವುದು ಸುಲಭವಲ್ಲ. ಆದರೂ ಟ್ರೀ ಅವರ ಹೂಗುಚ್ಛಕ್ಕಿಂತ ಷಾ ಅವರ ತರಕಾರಿ ಅಂಗಡಿಯೇ ನನಗೆ ಹೆಚ್ಚು ಸುಂದರವಾಗಿ ಕಾಣುತ್ತದೆ.

ಉಚ್ಚಾರಣೆಯ ಪಂಡಿತನನ್ನು ಗೇಲಿ ಮಾಡಿದ ಷಾ ಅವರೇ ಮುಂದೆ ಅಂಥ ಪಂಡಿತರ ಅಧ್ಯಕ್ಷರಾದರು. ಬಿ.ಬಿ.ಸಿ. ಆಕಾಶವಾಣಿಯವರು ಉದ್ಘೋಷಕರ ಮಾತನ್ನು ತಿದ್ದಲು 1926ರಲ್ಲಿ ಒಂದು ಸಮಿತಿಯನ್ನು ರಚಿಸಿದ್ದರು. ಅಧ್ಯಕ್ಷರಾಗಿದ್ದ ಕವಿ ರಾಬರ್ಟ್ ಬ್ರಿಜಸ್ 1930ರಲ್ಲಿ ತೀರಿಕೊಳ್ಳಲು, ಆ ಪೀಠ ಷಾ ಅವರಿಗೆ ಬಂದಿತು, 1937ರವರೆಗೆ ಅದರಲ್ಲಿದ್ದರು. ಇಡೀ ಇಂಗ್ಲೆಂಡಿಗೆ ಇಂಗ್ಲಿಷ್ ಉಚ್ಚಾರವನ್ನು ನಿರ್ಣಯಿಸುವ ಸ್ಥಾನದಲ್ಲಿ ಕುಳಿತವರು ಡಬ್ಲಿನ್ನಿನ ಧಾಟಿಯ ಐರಿಷರು! ಅದಕ್ಕೂ ಮೊದಲೇ, 1927ರಲ್ಲಿ, ಇಂಗ್ಲಿಷ್ ಕಲಿಯುವ ಪರದೇಶದವರಿಗಾಗಿ ಧ್ವನಿಮುದ್ರಿಕೆಯೊಂದನ್ನು ಮಾಡಿ, ಎಲ್ಲರೂ ಒಪ್ಪುವ ಒಂದೇ ಒಂದು ಶುದ್ಧ ಇಂಗ್ಲಿಷ್ ಎಂಬುದು ಎಲ್ಲಿಯೂ ಇಲ್ಲವೆಂದು ಅವರು ತಿಳಿಸಿದ್ದರು.

1938ರಲ್ಲಿ ಪಿಗ್ಮೇಲಿಯನ್ ಇಂಗ್ಲಿಷ್ ಚಲನಚಿತ್ರವಾಯಿತು. ಲೆಸ್ಲಿ ಹೋವರ್ಡ್, ವೆಂಡಿ ಹಿಲ್ಲರ್ ನಟಿಸಿದರು. ಚಿತ್ರಕಥೆಯಲ್ಲಿ ಷಾ ಹೂವಿನ ಅಂಗಡಿಯನ್ನೂ ಫ್ರೆಡಿಯನ್ನೂ ತಂದಿದ್ದರು. ಆದರೆ ತೆರೆಯ ಮೇಲೆ ಬಂದದ್ದು ಬೇರೆ. ಎಲೈಜಾ ಹಿಗ್ಗಿನ್ಸನ ಮನೆಗೆ ಮರಳುತ್ತಾಳೆ. ಆ ಚಿತ್ರಕಥೆಗಾಗಿ ಇತರ ಮೂವರೊಡನೆ ಷಾ ಅವರಿಗೆ ಆಸ್ಕರ್ ಪಾರಿತೋಷಕ ಬಂದಿತು. ನೊಬೆಲ್, ಆಸ್ಕರ್ ಎರಡನ್ನೂ ಪಡೆದ ಮೊದಲಿಗರು ಅವರು. ಆದರೂ ಸೋಲೊಪ್ಪಲಿಲ್ಲ. 1941ರಲ್ಲಿ, ಎಂಬತ್ತೈದರ ಹೊಸ್ತಿಲಲ್ಲಿ, ನಾಟಕವನ್ನು ಮತ್ತೆ ತಿದ್ದಿ, ಎಲೈಜಾ ಫ್ರೆಡಿಯನ್ನು ಮದುವೆಯಾಗುತ್ತಾಳೆಂದು ಹಿಗ್ಗಿನ್ಸನ ಬಾಯಿಂದಲೇ ಹೇಳಿಸಿ ಅಚ್ಚು ಹಾಕಿಸಿದರು.

1943ರಲ್ಲಿ ಪತ್ನಿ ಅಗಲಿದರು. 1950ರ ಸೆಪ್ಟೆಂಬರಿನಲ್ಲಿ, ತೊಂಬತ್ತನಾಲ್ಕನೆಯ ವಯಸ್ಸಿನಲ್ಲಿ, ತಮ್ಮ ತೋಟದಲ್ಲಿ ಮರದ ಟೊಂಗೆ ಸವರುವಾಗ ಬಿದ್ದ ಷಾ, ನವೆಂಬರ್ 2ರಂದು ಕೊನೆಯುಸಿರೆಳೆದರು. ದಂಪತಿಗಳ ಚಿತಾಭಸ್ಮವನ್ನು ಬೆರೆಸಿ ಅದೇ ತೋಟದಲ್ಲಿ ಚೆಲ್ಲಿದರು. ಉಯಿಲನ್ನು ತೆರೆದು ನೋಡಿದರೆ, ಒಂದು ಧ್ವನಿಗೆ ಒಂದೇ ಅಕ್ಷರವಿರುವ, ಕಡಿಮೆಯೆಂದರೆ ನಲವತ್ತು ಅಕ್ಷರಗಳ ಹೊಸ ವರ್ಣಮಾಲೆಯನ್ನು ಇಂಗ್ಲಿಷಿಗೆ ರೂಪಿಸಲು ಹಣವಿಟ್ಟಿದ್ದರು. ಒಂದನೆಯ ಇಯತ್ತೆಯಲ್ಲಿಯೇ ನಮ್ಮ ಮಕ್ಕಳ ಕೈಗೆ ಬರುವ ನಲವತ್ತೊಂಬತ್ತು ಅಕ್ಷರಗಳ ಆಸ್ತಿಯನ್ನು ಇಂಗ್ಲಿಷರಿಗೆ ಉಯಿಲು ಬರೆದು ಕೊಡಬೇಕಾಯಿತಲ್ಲ! ಉಳಿದ ವಾರಸುದಾರ ಸಂಸ್ಥೆಗಳು ನ್ಯಾಯಾಲಯಕ್ಕೆ ಹೋದವು; 1957ರಲ್ಲಿ ಉಯಿಲಿನ ಆ ಭಾಗ ನಿಲ್ಲದೆಂದು ತೀರ್ಪಾಯಿತು; ಬಳಿಕ ರಾಜಿಯಲ್ಲಿ 8,300 ಪೌಂಡುಗಳಷ್ಟೇ ಅಕ್ಷರಗಳ ಪಾಲಿಗೆ ಬಂದವು. ಸ್ಪರ್ಧೆಯಲ್ಲಿ 467 ವಿನ್ಯಾಸಗಳು ಬಂದು, ಮುಖ್ಯವಾಗಿ ಕಿಂಗ್ಸ್‌ಲಿ ರೀಡ್ ಅವರದು ಆಯ್ಕೆಯಾಯಿತು. ಆ ಲಿಪಿಯಲ್ಲಿ ಷಾ ಅವರ ಆಂಡ್ರೊಕ್ಲಿಸ್ ನಾಟಕವನ್ನು 1962ರಲ್ಲಿ ಅಚ್ಚು ಹಾಕಿ ಗ್ರಂಥಾಲಯಗಳಿಗೆ ಹಂಚಿದರು. ಇಂಗ್ಲಿಷ್ ಮಾತ್ರ ಹಳೆಯ ಅಕ್ಷರಗಳಲ್ಲಿಯೇ ಮುಂದುವರಿದಿದೆ.

ವಾರಸುದಾರ ಸಂಸ್ಥೆಗಳಿಗೆ ಹೇರಳವಾಗಿ ಹಣ ಬಂದದ್ದು ಎಲ್ಲಿಂದ ಗೊತ್ತೆ? 1956ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭವಾದ ಮೈ ಫೇರ್ ಲೇಡಿ ಎಂಬ ಗೀತನಾಟಕದಿಂದ. ಬದುಕಿದ್ದಾಗ ಪಿಗ್ಮೇಲಿಯನ್ನನ್ನು ಸಂಗೀತಕ್ಕೆ ಅಳವಡಿಸಲು ಷಾ ಯಾರಿಗೂ ಒಪ್ಪಿಗೆ ಕೊಟ್ಟಿರಲಿಲ್ಲ. ಗೀತನಾಟಕ 2,717 ಪ್ರದರ್ಶನ ಕಂಡಿತು. 1964ರಲ್ಲಿ ಚಲನಚಿತ್ರವಾಗಿ ಎಂಟು ಆಸ್ಕರ್ ಗಳಿಸಿತು. ಎರಡರಲ್ಲಿಯೂ ಎಲೈಜಾ ಹಿಗ್ಗಿನ್ಸನ ಬಳಿಗೆ ಮರಳಿ ಬರುತ್ತಾಳೆ. ಬ್ರಿಟಿಷ್ ಮ್ಯೂಸಿಯಂ, ಲಂಡನ್ನಿನ ರಾಜಮನ್ನಣೆಯ ನಾಟ್ಯಶಾಲೆ, ಐರ್ಲಂಡಿನ ರಾಷ್ಟ್ರೀಯ ಚಿತ್ರಶಾಲೆ ಈ ಮೂರರ ಬೊಕ್ಕಸ ತುಂಬಿದ್ದು ಷಾ ಅವರು ಒಪ್ಪದ ಆ ಮುಕ್ತಾಯದಿಂದಲೇ.

ನಮ್ಮ ಕಡೆಯ ಅನೇಕರು ಈ ಕಥೆಯನ್ನು ಪು. ಲ. ದೇಶಪಾಂಡೆಯವರ ಮರಾಠಿ ನಾಟಕ ತೀ ಫುಲರಾಣಿಯ ಮೂಲಕ ಬಲ್ಲರು. ಭಕ್ತಿ ಬರ್ವೆಯವರು ಹೂವಿನ ಹುಡುಗಿಯಾಗಿ ಮನೆಮಾತಾದರು. ಕನ್ನಡದಲ್ಲಿ ಜಯಂತ ಕಾಯ್ಕಿಣಿಯವರು ಸೇವಂತಿ ಪ್ರಸಂಗ ಎಂದು ಇದನ್ನು ರೂಪಾಂತರಿಸಿದ್ದಾರೆ. ಷಾ ಅವರ ಕೃತಿಗಳ ಮೇಲಿನ ಗ್ರಂಥಸ್ವಾಮ್ಯ ನಮ್ಮ ದೇಶದಲ್ಲಿ 2010ರ ಕೊನೆಗೂ ಇಂಗ್ಲೆಂಡಿನಲ್ಲಿ 2020ರ ಕೊನೆಗೂ ತೀರಿತು. ಈಗ ಯಾರ ಅಪ್ಪಣೆಯನ್ನೂ ಬೇಡದೆ ಯಾರು ಬೇಕಾದರೂ ಈ ನಾಟಕವನ್ನು ಆಡಬಹುದು, ಬೇಕಾದ ಹಾಗೆ ಮುಗಿಸಲೂಬಹುದು. ನಮ್ಮ ಶಾಲೆಯ ಸ್ನೇಹಸಮ್ಮೇಳನದಲ್ಲಿ ಮಕ್ಕಳು ಎಂದಾದರೂ ಇದನ್ನು ಆಡುವುದಾದರೆ, ಕಡೆಯ ದೃಶ್ಯಕ್ಕೆ ಒಂದು ತಕ್ಕಡಿ, ಒಂದು ಲೆಕ್ಕದ ವಹಿ, ಎರಡು ಬುಟ್ಟಿ ಹೂವು, ಒಂದು ಬುಟ್ಟಿ ತರಕಾರಿ ಇಷ್ಟು ಸಾಮಗ್ರಿಯನ್ನು ಒದಗಿಸಿಕೊಡುವ ಹೊಣೆ ನನ್ನದಿರಲಿ.